ಒಂದೇ ಸಲಕ್ಕೆ ಮೂರು ನೀರು

ಹೋದ ವಾರ ಗುಂಡ್ಲುಪೇಟೆಗೆ ಹೋಗೋಕೆ ಬಸ್ಸು ಹತ್ತಿದ್ದೆ. ಬೇಗೂರು ದಾಟಿದ ಮೇಲೆ ರಸ್ತೆ ಪಕ್ಕ ಚೆಂಡು ಹೂವಿನ ಹೊಲ. ಕೇರಳದ ಕಾರುಗಳು ಸಾಲಾಗಿ ನಿಂತಿದ್ದವು. ಜನ ಹೂವಿನ ನಡುವೆ ಹಲ್ಲು ಕಿರಿದುಕೊಂಡು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಅವರ ದೆಸೆಯಿಂದ ನಮ್ಮ ಬಸ್ಸೂ ನಿಂತಿತು. ಕಿಟಕಿಯಿಂದ ಹೂವಿನ ವಾಸನೆ ಒಳಗೆ ಬಂತು. ಪಕ್ಕದಲ್ಲಿ ಕೂತಿದ್ದ ಕಾಲೇಜು ಹುಡುಗಿ ಮೂಗು ಅರಳಿಸಿ, "ಎಷ್ಟು ಚೆನ್ನಾಗಿದೆ ಅಲ್ವಾ ಅಜ್ಜಿ?" ಅಂದಳು. ನನಗೆ ಉಚ್ಚೆ ಬಾಟ್ಲಿ ನೆನಪಾಯಿತು. ಹೇಳಲಿಲ್ಲ. ಹೇಳಿದ್ದರೆ ಎದ್ದು ಬೇರೆ ಸೀಟಿಗೆ ಹೋಗುತ್ತಿದ್ದಳು.

ಆ ವಾಸನೆ ನನಗೆ ಹೊಸದಲ್ಲ. ಮುಂಗಾರು ಬಂತೆಂದರೆ ನಾನೂ ನನ್ನ ಸೊಸೆ ಮಂಗಳಾನೂ ಹೂವು ಕೊಯ್ಯೋಕೆ ಹೋಗುತ್ತಿದ್ದೆವು. ಬೆಳಗಿನ ಹೊತ್ತು ಗಿಡವೆಲ್ಲ ನೆನೆದಿರುತ್ತೆ. ಸೊಂಟದವರೆಗೂ ಸೀರೆ ಒದ್ದೆ. ಕೈಗೆ ಕರೀ ಅಂಟು ಹತ್ತಿಕೊಂಡರೆ ಸೋಪು ಹಾಕಿದರೂ ಹೋಗಲ್ಲ, ಮಧ್ಯಾಹ್ನ ಉಣ್ಣುವ ಮುದ್ದೆಯೂ ಕಹಿ. ಕಾರಿನವರಿಗೆ ಅದು ಚೆಂದ, ನಮಗೆ ಅದು ಕೂಲಿ. ಆದರೆ ನಾನು ಹೇಳಬೇಕೆಂದಿರುವುದು ಒಂದು ವರ್ಷದ ಹೂವಿನ ಕಾಲದ ಮಾತು. ನನ್ನ ಮೊಮ್ಮಗಳು ಸಿಂಚನ ಆಗ ಎರಡನೇ ಕ್ಲಾಸು.

ಆ ವರ್ಷ ಮಳೆ ಹದವಾಗಿ ಬಿದ್ದಿತ್ತು. ಗೋಪಾಲಸ್ವಾಮಿ ಬೆಟ್ಟದ ತಲೆ ಮಧ್ಯಾಹ್ನದವರೆಗೂ ಮೋಡದೊಳಗೇ ಇರುತ್ತಿತ್ತು. ಇಸ್ಕೂಲು ಶುರುವಾದ ಹೊಸದರಲ್ಲಿ ಐಕಳಿಗೆಲ್ಲ ನೆಗಡಿ. ನಮ್ಮ ಕೂಸಿಗೂ ಗಂಟಲು ನೋವು ಬಂತು, ಜ್ವರ ಬಂತು. ಮೆಣಸಿನ ಕಷಾಯ ಕುಡಿಸಿದೆ, ಬಿಟ್ಟಿತು. ಅದನ್ನು ನಾವು ಮರೆತೆವು. ಮರೆಯುವಂಥದ್ದೇ ಅದು, ಯಾವ ಮಗುವಿಗೆ ಗಂಟಲು ನೋವು ಬರಲ್ಲ?

ಆಮೇಲೆ ಒಂದು ಶನಿವಾರ ಅವಳೂ ನಮ್ಮ ಜೊತೆ ಹೊಲಕ್ಕೆ ಬಂದಳು. ಬದುವಿನ ಮೇಲೆ ಕೂತು ಹೂವು ಕಟ್ಟಿಕೊಂಡು ಆಡಿದಳು. ಸಾಯಂಕಾಲ ಕಾಲು ತೊಳೆಸುವಾಗ ನೋಡಿದರೆ ಹರಡಿನ ಗಂಟಿನ ಸುತ್ತ ಕೆಂಪು ಚುಕ್ಕೆ. ಗಿಡದ ನಂಜು ಅಂದುಕೊಂಡೆ. ಎಷ್ಟೋ ಜನಕ್ಕೆ ಆ ಗಿಡ ತಾಕಿದರೆ ಕಡಿತ ಏಳುತ್ತೆ. ಹೊಂಗೆ ಎಣ್ಣೆ ಸವರಿ ಮಲಗಿಸಿದೆ.

ಬೆಳಗ್ಗೆ ಎದ್ದರೆ ಚುಕ್ಕೆ ಮೊಣಕಾಲವರೆಗೂ ಹತ್ತಿತ್ತು. ಲಂಗ ಎತ್ತಿ ನೋಡಿದರೆ ಕುಂಡಿಯ ಮೇಲೂ ಇತ್ತು. ಬಣ್ಣ ಕೆಂಪು ಹೋಗಿ ನೇರಳೆ ಹಣ್ಣಿನ ಹಾಗೆ ಆಗಿತ್ತು. ಕೈಗೆ ಸಣ್ಣಗೆ ಉಬ್ಬು ಉಬ್ಬಾಗಿ ಸಿಗುತ್ತಿತ್ತು.

"ಕಡೀತದೇನಮ್ಮಿ?"

"ಇಲ್ಲ ಅಜ್ಜಿ. ಕಾಲು ಊರಕ್ಕ ಆಗ್ದು."

ಹರಡು ಊದಿಕೊಂಡಿತ್ತು. ಗೋಡೆ ಹಿಡಿದುಕೊಂಡು ಕುಂಟುತ್ತಿದ್ದಳು. ಕಡಿತ ಇಲ್ಲ ಅಂದಾಗಲೇ ನಂಜಲ್ಲ ಅಂತ ಗೊತ್ತಾಯಿತು. ಏನು ಅಂತ ಗೊತ್ತಾಗಲಿಲ್ಲ. ನನ್ನ ಮಗ ಮಹದೇವನಿಗೆ, "ನಾಳೀಕ ಗುಂಡ್ಲುಪೇಟೆ ಆಸ್ಪತ್ರೆಗ ಕರ್ಕೊಂಡ್ ಹೋಗ್ಲಾ" ಅಂದೆ. ಅವನು ಗೂಡ್ಸ್ ಆಟೋ ಇಟ್ಟಿದ್ದ, ಹೊಲದಿಂದ ಹೂವಿನ ಮೂಟೆ ಸಾಗಿಸುತ್ತಿದ್ದ. ಹೂಂ ಅಂದ. ಅಷ್ಟರಲ್ಲಿ ಮಂಗಳ ತನ್ನ ತಾಯಿಗೆ ಫೋನು ಮಾಡಿಬಿಟ್ಟಿದ್ದಳು.

ನನ್ನ ಬೀಗಿತ್ತಿ ಚಿಕ್ಕತಾಯಮ್ಮನವರು ಚಾಮರಾಜನಗರದ ಕಡೆಯವರು. ಮಾರನೇ ಬೆಳಗ್ಗೆ ಮೊದಲ ಬಸ್ಸಿಗೇ ಬಂದು ಇಳಿದರು. ನಾನು ಹೊಲಕ್ಕೆ ಹೋಗಿದ್ದೆ. ಅವತ್ತು ಲಾರಿ ಬರುವ ದಿನ, ಅರಳಿದ ಹೂವು ಕೊಯ್ಯದೆ ಬಿಟ್ಟರೆ ಮಳೆಗೆ ಕೊಳೆಯುತ್ತೆ. ಹೊತ್ತು ನೆತ್ತಿಗೆ ಬಂದಾಗ ಮನೆಗೆ ಬಂದರೆ ಬಾಗಿಲ ಎರಡೂ ಕಡೆ ಬೇವಿನ ಸೊಪ್ಪು ಸಿಕ್ಕಿಸಿತ್ತು.

ನಮ್ಮ ಕಡೆ ಇದಕ್ಕೊಂದು ಕಟ್ಟಳೆ ಉಂಟು. ಮಗುವಿಗೆ ಮೈಮೇಲೆ ಗುಳ್ಳೆ ಎದ್ದರೆ ಅಮ್ಮ ಬಂದಿದ್ದಾಳೆ ಅನ್ನುತ್ತಾರೆ. ಬಾಗಿಲಿಗೆ ಬೇವು ಸಿಕ್ಕಿಸಿದರೆ ಆಯಿತು, ಒಗ್ಗರಣೆ ಹಾಕಬಾರದು, ಹೊರಗಿನವರು ಒಳಗೆ ಬರಬಾರದು, ಸೂಜಿ ಔಷಧಿ ಮುಟ್ಟಿಸಬಾರದು. ಬೇವಿನ ನೀರು ದಿನ ಬಿಟ್ಟು ದಿನ ಮೂರು ಸಲ ತಲೆಗೆ ಹಾಕಿ, ಮಾರಿಗುಡಿಗೆ ತಂಬಿಟ್ಟು ಕೊಟ್ಟು ಅಮ್ಮನನ್ನು ಕಳಿಸಿಕೊಡುವ ತನಕ ಮಗು ಹೊಸಲು ದಾಟುವಂತಿಲ್ಲ. ನಮ್ಮೂರಲ್ಲಿ ಆ ನೀರು ಹಾಕುವವಳು ನಾನೇ. ನನ್ನ ಅತ್ತೆ ಹಾಕುತ್ತಿದ್ದಳು, ಅವಳ ಕಾಲ ಆದಮೇಲೆ ನಾನು. ಯಾರ ಮನೆಯಲ್ಲಿ ಮಗು ಮಲಗಿದರೂ ನನ್ನ ಕರೀತಾರೆ. ನನ್ನ ಮನೆ ಬಾಗಿಲಿಗೇ ನನ್ನ ಕೇಳದೆ ಬೇವು ಸಿಕ್ಕಿಸಿದ್ದು ಅವತ್ತೊಂದೇ ದಿನ.

"ಯಾರು ಸಿಕ್ಸುದ್ದು ಇದ?"

"ನಾನೇ ಕನ ಬೀಗ್ತಿ. ನಿಮ್ಗ ಹೂವ ಕುಯ್ಯದೆ ಹೆಚ್ಚಾಯ್ತು. ಮನೇಲಿ ಅಮ್ಮ ಬಂದು ಕುಂತವ್ಳ, ಒಬ್ರಾದ್ರೂ ಕಣ್ಬುಟ್ಟು ನೋಡಿದ್ದರಾ?"

"ನೋಡಿವ್ನಿ. ಕಾಲ್ಗೂ ಕುಂಡಿಗೂ ಮಾತ್ರ ಬರೋ ಅಮ್ಮ ಯಾವೂರವ್ಳು? ನಿಮ್ಮೂರವ್ಳಾ?"

"ಆಡ್ಕಬ್ಯಾಡಿ. ನಾಲ್ಗ ಬಿದ್ದೋದದು."

"ನನ್ನ ನಾಲ್ಗ ಇಷ್ಟು ವರ್ಸದಿಂದ ಬಿದ್ದಿಲ್ಲ, ಈಗ್ಯಾಕ ಬಿದ್ದದು? ಅಮ್ಮ ಬಂದ್ರ ಮೊದ್ಲು ಮೊಕಕ್ಕ ಬತ್ತಳ, ಎದಗ ಬತ್ತಳ, ನೀರು ತುಂಬ್ಕತ್ತಳ. ಈ ಕೂಸಿನ ಮೊಕ ನೋಡಿ, ತೊಳ್ದಿಟ್ಟ ತಟ್ಟೆ ಇದ್ದಂಗದ. ಮೈ ಬಿಸಿ ಇಲ್ಲ. ಒತ್ತುದ್ರ ಕೆಂಪು ಹೋಗ್ದು."

"ಈಗಿನ ಅಮ್ಮ ಹಿಂಗೇ ಬತ್ತಳೇನೋ. ಕಾಲ ಕೆಟ್ಟದ."

ಮಂಗಳ ತಾಯಿಯ ಸೆರಗು ಹಿಡಿದು ನಿಂತಿದ್ದಳು. ಮಹದೇವ ನನ್ನ ಮುಖ ಒಂದು ಸಲ, ಅವನ ಅತ್ತೆ ಮುಖ ಒಂದು ಸಲ ನೋಡಿ, "ಒಂದಿನ ನೋಡನ ಬುಡವ್ವ, ಬೇವ ಸಿಕ್ಸಾಗದ" ಅಂದು ಆಟೋ ತೆಗೆದುಕೊಂಡು ಹೋಗಿಬಿಟ್ಟ. ಗಂಡಸರಿಗೆ ಎರಡು ಹೆಂಗಸರ ಜಗಳಕ್ಕಿಂತ ಹೂವಿನ ಮೂಟೆ ಹಗುರ.

ಮಾರನೇ ದಿನ ಬೆಳಗ್ಗೆ ಹೊಟ್ಟೆ ನೋವು ಶುರುವಾಯಿತು. ಅಂಥ ನೋವು ನಾನು ಮಕ್ಕಳಲ್ಲಿ ನೋಡಿರಲಿಲ್ಲ. ಮಂಡಿ ಎದೆಗೆ ಕಟ್ಟಿಕೊಂಡು ಮುದುರಿ ಕಿರುಚುವುದು, ಆಮೇಲೆ ಸ್ವಲ್ಪ ಹೊತ್ತು ಬಿಡುವುದು, ಕಣ್ಣು ಮುಚ್ಚಿದಳು ಅನ್ನುವಷ್ಟರಲ್ಲಿ ಮತ್ತೆ ಕಿರುಚುವುದು. ಕುಡಿಸಿದ ಎಳನೀರು ವಾಂತಿಯಾಯಿತು. ಹಿತ್ತಲಿಗೆ ಎತ್ತಿಕೊಂಡು ಹೋದರೆ ಹೇಲಿನ ಜೊತೆ ರಕ್ತ, ಲೋಳೆ ಲೋಳೆಯಾಗಿ.

ನಾನು ಮಂಗಳಾಗೆ, "ನಿನ್ನ ಗಂಡನ್ಗ ಫೋನ್ ಮಾಡಮ್ಮಿ, ಆಟೋ ತರ್ಲಿ" ಅಂದೆ. ಬೀಗಿತ್ತಿ ಬಾಗಿಲಿಗೆ ಅಡ್ಡ ಕೂತರು.

"ಅಮ್ಮ ಒಳಕ್ಕಿಳ್ದವ್ಳ. ಈಗ ಹೊಸ್ಲು ದಾಟ್ಸುದ್ರ ಕೂಸು ಉಳಿಯಲ್ಲ. ನೀರು ಹಾಕ್ದೆ ಅಮ್ಮನ್ನ ಆಚ್ಗ ಕಳ್ಸಕ್ಕಾದ್ದ? ನಿಮ್ಗ ನಾನು ಹೇಳ್ಕೊಡ್ಬೇಕಾ?"

ಅವರು ಕೆಟ್ಟವರಲ್ಲ. ಅದು ಅವರ ಮಗಳ ಮಗು. ಕಣ್ಣಲ್ಲಿ ನೀರಿತ್ತು. ಹಿಂದೆ ಅವರದೇ ಒಂದು ಮಗು ಅಮ್ಮ ಬಂದು ತೀರಿಹೋಗಿತ್ತು, ಆಸ್ಪತ್ರೆಗೆ ಎತ್ತಿಕೊಂಡು ಹೋದ ದಾರಿಯಲ್ಲೇ. ಅದು ನನಗೂ ಗೊತ್ತಿತ್ತು. ಅಂಥವರ ಹತ್ತಿರ ವಾದ ಮಾಡಿದರೆ ಸಾಯಂಕಾಲವಾಗುತ್ತೆ. ಮಗುವಿಗೆ ಅಷ್ಟು ಹೊತ್ತಿಲ್ಲ ಅಂತ ನನಗೆ ಅನ್ನಿಸಿತು. ಓಣಿಯ ಹೆಂಗಸರೂ ಬಂದು ಹೊರಗೆ ನಿಂತಿದ್ದರು. ಬೇವು ಸಿಕ್ಕಿಸಿದ ಮನೆಯ ಮಗುವನ್ನು ನಾನು ಎಳೆದುಕೊಂಡು ಹೋದರೆ ಮಂಗಳಾನೇ ಕಾಲಿಗೆ ಬೀಳುತ್ತಿದ್ದಳು, ಬೇಡ ಅಂತ.

"ಆಯ್ತು ಬುಡಿ, ನೀರು ಹಾಕ್ತಿನಿ" ಅಂದೆ.

ಒಲೆ ಮೇಲೆ ಬಿಸಿನೀರಿತ್ತು. ಬಾಗಿಲಲ್ಲಿದ್ದ ಬೇವನ್ನೇ ಕಿತ್ತು ಅದಕ್ಕೆ ಹಾಕಿದೆ, ಅರಿಸಿನ ಹಾಕಿದೆ. ಕೂಸನ್ನು ಮಣೆ ಮೇಲೆ ಕೂರಿಸಿ ಮಂಗಳಾಗೆ ಹಿಡಿದುಕೋ ಅಂದೆ. ಒಂದು ಚೊಂಬು ನೆತ್ತಿ ಮೇಲೆ ಹಾಕಿ ಜೋರಾಗಿ, ಓಣಿಗೆಲ್ಲ ಕೇಳುವ ಹಾಗೆ, "ಇದು ಒಂದ್ನೇ ನೀರು" ಅಂದೆ. ಇನ್ನೊಂದು ಚೊಂಬು ಹಾಕಿ "ಎರಡ್ನೇ ನೀರು" ಅಂದೆ.

ಬೀಗಿತ್ತಿ ಎದ್ದು ನಿಂತರು. "ಅಯ್ಯೋ, ಇದೇನಿದು! ಒಂದೇ ದಿನ್ಕ ಎರಡು ನೀರಾ?"

"ಮೂರು" ಅಂದು ಮೂರನೆಯದೂ ಹಾಕಿದೆ. "ಆಯ್ತು. ಅಮ್ಮ ಬಂದಿದ್ರ ಸಂತೋಸ, ಹೋಗ್ಬುಟ್ಟು ಬರ್ಲಿ. ಬಂದಿಲ್ದಿದ್ರ ಇನ್ನೂ ಸಂತೋಸ. ತಂಬಿಟ್ಟು ನೀವು ತಟ್ಟಿ, ಗುಡಿಗ ನೀವೇ ತಕ್ಕೊಂಡ್ ಹೋಗಿ. ಈಗ ದಾರಿ ಬುಡಿ."

"ಶಾಸ್ತ್ರ ಕೆಡಿಸ್ಬುಟ್ರಿ!"

"ಈ ಊರ್ಲಿ ನೀರು ಹಾಕೋಳು ನಾನು. ಶಾಸ್ತ್ರ ಕೆಟ್ಟುದ್ರ ನನ್ಗ ತಟ್ತದ, ನಿಮ್ಗಲ್ಲ. ಅಮ್ಮನ ಸೇವೆ ಇಷ್ಟು ವರ್ಸ ಮಾಡಿವ್ನಿ, ಒಂದ್ಸಲ ಅರ್ಜೆಂಟು ಅಂದ್ರ ಅವ್ಳೂ ಕೇಳ್ತಳ."

ಹೊರಗೆ ನಿಂತಿದ್ದ ಹೆಂಗಸರಲ್ಲಿ ಯಾರೋ ಕಿಸಕ್ಕಂದರು. ನಕ್ಕ ಮೇಲೆ ಯಾರೂ ಅಡ್ಡ ಬರಲಿಲ್ಲ. ಬೀಗಿತ್ತಿ ಪಕ್ಕಕ್ಕೆ ಸರಿದರು.

ಮಂಗಳ ಫೋನು ಮಾಡಿದಳು. ಮಹದೇವ ಬಂದಾಗ ಆಟೋದಲ್ಲಿ ಹೂವಿನ ಮೂಟೆ ಅರ್ಧ ತುಂಬಿತ್ತು. ಇಳಿಸುವಷ್ಟು ಹೊತ್ತಿರಲಿಲ್ಲ. ಮೂಟೆ ಮೇಲೆ ಕಂಬಳಿ ಹಾಸಿ ಮಗುವನ್ನು ಮಲಗಿಸಿದೆವು. ತಲೆ ಒದ್ದೆ, ಮೈಯೆಲ್ಲ ಅರಿಸಿನ, ಕಾಲ ತುಂಬ ನೇರಳೆ ಚುಕ್ಕೆ. ನಾನು ಒಂದು ಕಡೆ, ಮಂಗಳ ಒಂದು ಕಡೆ. ಆಟೋ ಹೊರಡುವಾಗ ಬೀಗಿತ್ತಿಯೂ ಹತ್ತಿ ಕೂತರು. ಗುಂಡ್ಲುಪೇಟೆ ತನಕ ಹೂವಿನ ವಾಸನೆ, ಮಗುವಿನ ಕಿರುಚಾಟ.

ಗುಂಡ್ಲುಪೇಟೆಯಲ್ಲಿ ನೋಡಿದ ತಕ್ಷಣ ಡ್ರಿಪ್ಪು ಹಾಕಿ, ಆಂಬುಲೆನ್ಸಿನಲ್ಲಿ ಚಾಮರಾಜನಗರದ ದೊಡ್ಡಾಸ್ಪತ್ರೆಗೆ ಕಳಿಸಿದರು. ಅಲ್ಲಿ ಮಕ್ಕಳ ವಾರ್ಡಿನಲ್ಲಿ ಒಬ್ಬಳು ಡಾಕ್ಟರಮ್ಮ. ನಮ್ಮ ಮಂಗಳಾಗಿಂತ ಚಿಕ್ಕವಳಿರಬಹುದು, ಆದರೆ ಕೆಲಸ ಚುರುಕು. ಒಂದು ಗಾಜಿನ ಲೋಟ ತಂದು ಚುಕ್ಕೆಯ ಮೇಲೆ ಒತ್ತಿ ನೋಡಿದಳು. ಬಣ್ಣ ಮಾಯವಾಗಲಿಲ್ಲ. "ಇದು ಚರ್ಮದ ಕೆಳಗೆ ಸೋರಿರೋ ರಕ್ತ ಅಜ್ಜಿ" ಅಂದಳು. ಆಮೇಲೆ ಕೇಳಿದಳು, "ಎರಡು ಮೂರು ವಾರದ ಹಿಂದೆ ಗಂಟಲು ನೋವೇನಾದ್ರೂ ಬಂದಿತ್ತಾ?"

ನಾವು ಮೂರು ಹೆಂಗಸರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಗಂಟಲು ನೋವಿಗೂ ಕಾಲಿನ ಚುಕ್ಕೆಗೂ ಏನು ಸಂಬಂಧ?

ಸಂಬಂಧ ಇತ್ತು. ಗಂಟಲಿಗೆ ಬಂದ ಸೋಂಕಿನ ಜೊತೆ ಹೋರಾಡೋಕೆ ಎದ್ದ ಮೈಯ ಶಕ್ತಿ, ಸೋಂಕು ಹೋದ ಮೇಲೆ ದಾರಿ ತಪ್ಪಿ ಮೈಯ ಸಣ್ಣ ಸಣ್ಣ ರಕ್ತನಾಳಗಳ ಮೇಲೇ ತಿರುಗಿ ಬೀಳುತ್ತಂತೆ. ನಾಳ ಊದಿ ರಕ್ತ ಸೋರುತ್ತೆ. ಚರ್ಮದಲ್ಲಿ ಸೋರಿದರೆ ಚುಕ್ಕೆ, ಕೀಲಿಗೆ ಬಂದರೆ ಊತ, ಕರುಳಿಗೆ ಬಂದರೆ ಹೊಟ್ಟೆ ನೋವು, ರಕ್ತ. ಅದಕ್ಕೆ ಅಲರ್ಜಿಕ್ ಪರ್ಪ್ಯುರಾ ಅಂತ ಹೆಸರು. ಆ ಹೆಸರು ನನ್ನ ಬಾಯಲ್ಲಿ ತಿರುಗೋಕೆ ಒಂದು ತಿಂಗಳು ಬೇಕಾಯಿತು.

ಸ್ಕ್ಯಾನ್ ಮಾಡಿದಾಗ ಕರುಳಿನ ಒಂದು ತುಂಡು ಪಕ್ಕದ ತುಂಡಿನೊಳಗೆ ತೂರಿಕೊಂಡಿದೆ ಅಂದರು. "ರವಿಕೆ ಬಿಚ್ಚುವಾಗ ತೋಳು ಒಳಕ್ಕೆ ಸೇರ್ಕೊಳ್ಳುತ್ತಲ್ಲ, ಹಂಗೆ" ಅಂತ ಡಾಕ್ಟರಮ್ಮ ತೋರಿಸಿದಳು. ತಾನಾಗೇ ಬಿಚ್ಚಿಕೊಳ್ಳಬಹುದು, ಇಲ್ಲದಿದ್ದರೆ ಆಪರೇಷನ್ನು. ಬಾಯಿಗೆ ಏನೂ ಕೊಡದೆ, ಇಂಜೆಕ್ಷನ್ನು ಕೊಡುತ್ತಾ, ಹೊಟ್ಟೆ ಮುಟ್ಟಿ ಮುಟ್ಟಿ ನೋಡುತ್ತಾ ಇದ್ದರು. ಮಾರನೇ ದಿನ ಸ್ಕ್ಯಾನಿನಲ್ಲಿ ಬಿಚ್ಚಿಕೊಂಡಿತ್ತು. ಮಗು "ಹಸಿವಾಯ್ತದ" ಅಂತ ಅಳೋಕೆ ಶುರು ಮಾಡಿದಳು. ಆ ಅಳು ಕೇಳಿ ಮಂಗಳ ನಕ್ಕಳು.

ನಾನು ಡಾಕ್ಟರಮ್ಮನ್ನ ಕೇಳಿದೆ, "ಇನ್ನೊಂದಿನ ಮನೇಲೇ ಮಡಿಕ್ಕಂಡಿದ್ರ ಏನಾಗಿರದು?"

"ಕರುಳು ಕೊಳೆತು ಹೋಗ್ಬಹುದಿತ್ತು" ಅಂದಳು. ಬಿಡಿಸಿ ಹೇಳಿದಳು, ನನಗೆ ಹಿಡಿಸಿತು.

ಬೀಗಿತ್ತಿ ಮೆಲ್ಲಗೆ, "ಹಂಗಾರ ಇದು ಅಮ್ಮ ಅಲ್ವಾ ತಾಯಿ?" ಅಂದರು.

"ಅಲ್ಲಮ್ಮ."

"ನಂಗೂ ಅನುಮಾನ ಇತ್ತು" ಅಂದರು ಬೀಗಿತ್ತಿ.

ನಾನು ಮಗುವಿನ ಹೊದಿಕೆ ಸರಿ ಮಾಡಿದೆ. ಆಸ್ಪತ್ರೆಯಲ್ಲಿ ಜಗಳ ಆಡಬಾರದು.

ಬಿಟ್ಟು ಕಳಿಸುವಾಗ ಡಾಕ್ಟರಮ್ಮ ನಮ್ಮನ್ನೆಲ್ಲ ಕೂರಿಸಿಕೊಂಡು ಒಂದು ಮಾತು ಹೇಳಿದಳು. "ಚುಕ್ಕೆ ಹೋಗುತ್ತೆ. ಕಾಲು ನೋವು ಹೋಗುತ್ತೆ. ಹೊಟ್ಟೆ ನೋವೂ ಹೋಯ್ತು. ಅಲ್ಲಿಗೆ ನೀವು ಬರೋದನ್ನ ನಿಲ್ಲಿಸ್ತೀರ. ಇದು ಕಿಡ್ನಿಗೆ ಇಳಿಯೋದು ಆಮೇಲೆ. ಆವಾಗ ನೋವೇ ಇರಲ್ಲ, ಮಗು ಆಡ್ಕೊಂಡೇ ಇರುತ್ತೆ. ಮೂತ್ರ ಪರೀಕ್ಷೆ ಮಾಡಿದ್ರೆ ಮಾತ್ರ ಗೊತ್ತಾಗೋದು. ಕಮ್ಮಿ ಅಂದ್ರೂ ಆರು ತಿಂಗಳು ತಪ್ಪಿಸಬೇಡಿ. ಬೆಳಗ್ಗೆ ಎದ್ದ ತಕ್ಷಣದ್ದು ತರಬೇಕು."

ನಾನು ಅದನ್ನು ಮನಸ್ಸಿನಲ್ಲಿ ಗಂಟು ಹಾಕಿಕೊಂಡೆ. ಉಳಿದವರು ಅಲರ್ಜಿ ಅನ್ನುವುದೊಂದನ್ನೇ ಹಿಡಿದುಕೊಂಡರು. ಊರಿಗೆ ಬಂದಮೇಲೆ ಓಣಿಯವರೆಲ್ಲ ಒಂದೊಂದು ಪಥ್ಯ ಹೇಳಿದರು. ಬದನೆಕಾಯಿ ಬೇಡ, ಮೊಟ್ಟೆ ಬೇಡ, ಕಡ್ಲೆಕಾಯಿ ಬೇಡ, ಒಣಮೀನಿನ ವಾಸನೆಯೂ ಬೇಡ. ಮಂಗಳ ಎಲ್ಲದಕ್ಕೂ ಹೂಂ ಅಂದು ಮಗುವಿಗೆ ಗಂಜಿಯೊಂದನ್ನೇ ಕೊಟ್ಟಳು. ಮಗು ಕಡ್ಡಿಯಾಯಿತು. ಮೊದಲ ಸಲ ತೋರಿಸೋಕೆ ಹೋದಾಗ ಡಾಕ್ಟರಮ್ಮ ಚೆನ್ನಾಗಿ ಬೈದಳು, "ಊಟಕ್ಕೂ ಇದಕ್ಕೂ ಸಂಬಂಧ ಇಲ್ಲ, ಮೊಟ್ಟೆ ಕೊಡಿ." ವಾಪಸ್ಸು ಬರುವಾಗ ಬಸ್‌ಸ್ಟ್ಯಾಂಡಿನಲ್ಲೇ ಬೇಯಿಸಿದ ಮೊಟ್ಟೆ ಕೊಡಿಸಿದೆ. ನಿಂತುಕೊಂಡೇ ತಿಂದಳು.

ಕೇರಳದವರ ಓಣಂ ಮುಗಿಯಿತು, ಹೂವೂ ಮುಗಿಯಿತು. ಕಾಲಿನ ಚುಕ್ಕೆ ಕಂದು ಬಣ್ಣಕ್ಕೆ ತಿರುಗಿ ಅಳಿಸಿಹೋಯಿತು. ದಸರಾ ರಜದಲ್ಲಿ ಒಂದು ಸಲ ನಾಲ್ಕು ಚುಕ್ಕೆ ಮತ್ತೆ ಎದ್ದವು. ಹಂಗೆ ಬರುತ್ತೆ ಅಂತ ಡಾಕ್ಟರಮ್ಮ ಹೇಳಿದ್ದಳು, ಬಂದು ಹೋದವು. ಮಗು ಓಡುತ್ತಿದ್ದಳು, ಕುಣಿಯುತ್ತಿದ್ದಳು. ನಾನು ಮಾತ್ರ ಬಾಟ್ಲಿ ಹಿಡಿದುಕೊಂಡು ಅವಳ ಹಿಂದೆ ಹಿಂದೆ.

"ಅವ್ವ, ಚೆಂದಾಗವ್ಳಲ್ಲ. ಪ್ರತೀ ಸಲಾನೂ ಏನೂ ಇಲ್ಲ ಅಂತರ. ಇನ್ಯಾಕ?" ಅಂದ ಮಹದೇವ.

"ಚೆಂದಾಗಿದ್ದಾಗ್ಲೇ ನೋಡ್ಬೇಕು ಅಂದವ್ಳ ಕಣ್ಲಾ."

"ಊರೋರು ನಗ್ತರ. ಉಚ್ಚೆ ಹೊತ್ಕಂಡು ತಿರುಗ್ತಳ ನಿಮ್ಮವ್ವ ಅಂತರ."

"ನಗ್ಲಿ ಬುಡು. ನಗೋರ ಉಚ್ಚೆ ಏನ್ ಹೊತ್ಕಂಡಿಲ್ವಲ್ಲ."

ದೀಪಾವಳಿ ಕಳೆದ ಮೇಲೆ ಹೋದಾಗ ಡಾಕ್ಟರಮ್ಮನ ಮುಖ ಬದಲಾಯಿತು. ಉಚ್ಚೆಯಲ್ಲಿ ಪ್ರೋಟೀನು ಹೋಗುತ್ತಿದೆ, ಕಣ್ಣಿಗೆ ಕಾಣದ ರಕ್ತವೂ ಇದೆ ಅಂದಳು. ಮಗು ಅಲ್ಲೇ ಬೆಂಚಿನ ಮೇಲೆ ಕಾಲು ಆಡಿಸಿಕೊಂಡು ಬಿಸ್ಕತ್ತು ತಿನ್ನುತ್ತಿದ್ದಳು. ಮುಖ ಊದಿಲ್ಲ, ಕಾಲು ಊದಿಲ್ಲ, ಏನೂ ಇಲ್ಲ. ಮೈಸೂರಿಗೆ ಕಿಡ್ನಿ ಡಾಕ್ಟರ ಹತ್ತಿರ ಕಳಿಸಿದರು. ಅಲ್ಲಿ ಮಾತ್ರೆ ಕೊಟ್ಟರು, ಉಪ್ಪು ಕಮ್ಮಿ ಮಾಡಿ ಅಂದರು, ಬಿ.ಪಿ. ನೋಡುತ್ತಾ ಇರಿ ಅಂದರು. ಬೇಗ ಸಿಕ್ಕಿದ್ದು ಒಳ್ಳೇದಾಯಿತು ಅಂದರು. ಅವತ್ತಿಂದ ಮಹದೇವ ಯಾಕೆ ಅಂತ ಕೇಳಲಿಲ್ಲ.

ಆಮೇಲೊಂದು ಸಲ ನಾನು ಜಾರಿ ಬಿದ್ದು ಕಾಲು ಉಳುಕಿಸಿಕೊಂಡಾಗ ಬಾಟ್ಲಿ ತೆಗೆದುಕೊಂಡು ಹೋಗೋಕೆ ಯಾರು ಅನ್ನುವ ಮಾತು ಬಂತು. ಬೀಗಿತ್ತಿ ಹಿಂದಿನ ದಿನವೇ ಬಂದು ಉಳಿದುಕೊಂಡರು. ಬೆಳಗ್ಗೆ ಮಗುವನ್ನು ಎಬ್ಬಿಸಿ, ಬಾಟ್ಲಿ ತುಂಬಿಸಿ, ಮಡಿ ವಸ್ತ್ರದಲ್ಲಿ ಸುತ್ತಿ, ದೇವರ ಪ್ರಸಾದ ಹಿಡಿದ ಹಾಗೆ ಎರಡು ಕೈಯಲ್ಲಿ ಹಿಡಿದುಕೊಂಡು ಹೊರಟರು. ಬಸ್ಸಿನಲ್ಲಿ ಕಂಡಕ್ಟರು, "ಏನಜ್ಜಿ ಅದು, ಕಾಡಿನ ಜೇನುತುಪ್ಪನಾ? ನಂಗೂ ಒಸಿ ಕೊಡು" ಅಂದನಂತೆ.

"ಕುಡೀತೀಯಾ? ತಕ್ಕೊ. ನನ್ನ ಮೊಮ್ಮಗಳ ಉಚ್ಚೆ ಕನಪ್ಪ" ಅಂದರಂತೆ ಬೀಗಿತ್ತಿ.

ಬಸ್ಸೆಲ್ಲ ನಕ್ಕಿತಂತೆ. ಬಂದು ನನಗೆ ಹೇಳುವಾಗ ಅವರಿಗೇ ನಗು ತಡೆಯೋಕೆ ಆಗಲಿಲ್ಲ. ಆಮೇಲೆ ಸೆರಗಿನಲ್ಲಿ ಕಣ್ಣು ಒರೆಸಿಕೊಂಡು, "ಕಮ್ಮಿ ಆಗದಂತ ಬೀಗ್ತಿ, ಪ್ರೋಟೀನು" ಅಂದರು. ಮೂರು ನೀರಿನ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ತಂಬಿಟ್ಟು ಮಾತ್ರ ಅವರೇ ತಟ್ಟಿ ಮಾರಿಗುಡಿಗೆ ಕೊಟ್ಟಿದ್ದರು, ನಾನು ಹೇಳಿದ ಹಾಗೆ.

ಆರು ತಿಂಗಳು ಅಂದಿದ್ದು ಒಂದು ವರ್ಷವಾಯಿತು. ಮುಂದಿನ ಮುಂಗಾರಿಗೆ ಹೊಲದಲ್ಲಿ ಮತ್ತೆ ಹೂವು ಅರಳುವ ಹೊತ್ತಿಗೆ ಪರೀಕ್ಷೆಯಲ್ಲಿ ಉಚ್ಚೆ ಸರಿಯಾಗಿದೆ ಅಂದರು. ಮಾತ್ರೆ ನಿಂತಿತು. ನಾನು ಹೂವು ಕೊಯ್ಯೋಕೆ ಹೋದೆ. ಇಷ್ಟೇ ನಡೆದಿದ್ದು.

ಸಿಂಚನ ಈಗ ಪಿಯುಸಿ, ಚಾಮರಾಜನಗರಕ್ಕೆ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಹೋದ ವಾರ ಮನೆಗೆ ಬಂದು ಬಸ್ಸಿನ ವಿಷಯ ಹೇಳಿದರೆ, "ನಂಗೆ ಹೂವಿನ ಮೂಟೆ ಮೇಲೆ ಮಲಗಿದ್ದೊಂದೇ ಗ್ಯಾಪಕ ಅಜ್ಜಿ, ಮೆತ್ತಗಿತ್ತು" ಅಂದಳು. ಉಚ್ಚೆ ಬಾಟ್ಲಿ ಅಂದರೆ ಕಿವಿ ಮುಚ್ಚಿಕೊಳ್ಳುತ್ತಾಳೆ. "ನನ್ನ ಫ್ರೆಂಡ್ಸ್ ಮುಂದೆ ಮಾತ್ರ ಹೇಳ್ಬ್ಯಾಡ."

ಫ್ರೆಂಡ್ಸ್ ಮುಂದೆ ಹೇಳಲಿಲ್ಲ, ಬರೆದಿದ್ದೇನೆ. ಯಾಕೆ ಅಂದರೆ ಕೊನೇ ಸಲ ಹೋದಾಗ ಡಾಕ್ಟರಮ್ಮ ಇನ್ನೊಂದು ಮಾತು ಹೇಳಿದ್ದಳು. ಈ ಕಾಯಿಲೆ ಕಿಡ್ನಿಗೆ ತಾಕಿದ ಹೆಣ್ಣುಮಕ್ಕಳು ಮುಂದೆ ಬಸುರಿಯಾದಾಗ ಬಿ.ಪಿ. ಏರಬಹುದು, ಉಚ್ಚೆಯಲ್ಲಿ ಮತ್ತೆ ಪ್ರೋಟೀನು ಹೋಗಬಹುದು. ಚಿಕ್ಕವಳಿದ್ದಾಗ ಹೀಗಾಗಿತ್ತು ಅಂತ ಅಲ್ಲಿಯ ಡಾಕ್ಟರಿಗೆ ಮೊದಲೇ ಹೇಳಬೇಕು. ಆ ಹೊತ್ತಿಗೆ ನಾನಿರಲ್ಲ. ಮಂಗಳಾಗೆ ಹೇಳಿದ್ದೇನೆ, ಅವಳಿಗೆ ಒಲೆ ಮೇಲಿಟ್ಟ ಹಾಲೇ ನೆನಪಿರಲ್ಲ. ಮಹದೇವ ಇಂಥದ್ದಕ್ಕೆಲ್ಲ ಆಗುವವನಲ್ಲ. ಬೀಗಿತ್ತಿಗೆ ನನಗಿಂತ ವಯಸ್ಸು ಹೆಚ್ಚು, ಇದ್ದರೂ ತನಗೆ ಮೊದಲೇ ಅನುಮಾನ ಇತ್ತು ಅನ್ನುತ್ತಾರೆ, ಅಷ್ಟೇ.

ಅದಕ್ಕೇ ಸಿಂಚನಾ, ನೀನೇ ನೆನಪಿಟ್ಟುಕೋ. ಕಾಯಿಲೆಯ ಹೆಸರು ಮೇಲೆ ಬರೆದಿದ್ದೇನೆ. ನಾಚಿಕೊಳ್ಳಬೇಡ. ಬಾಟ್ಲಿ ತೆಗೆದುಕೊಂಡು ಹೋಗು. ಬೆಳಗ್ಗೆ ಎದ್ದ ತಕ್ಷಣದ್ದು.